ಎಣ್ಣೆ ಕ್ಯಾನಿನ ಲೆಕ್ಕ: ಡಯಟ್ ಆ್ಯಪ್ ಹಿಡಿದು ಬಂದ ಟೀಚರೊಬ್ಬರ ಪ್ರಕರಣ

ಟೀಚರ್ ಕುರ್ಚಿಯಲ್ಲಿ ಕೂರುವ ಮೊದಲೇ ಫೋನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಪರದೆಯ ತುಂಬ ಹಸಿರು ಚುಕ್ಕಿಗಳು. "46 ದಿನ ನೋಡ್ರಿ ಮೇಡಂ. ಒಂದು ದಿನಾನೂ ಬಿಟ್ಟಿಲ್ಲ."

ನಿಜಕ್ಕೂ ಬಿಟ್ಟಿರಲಿಲ್ಲ. ಬೆಳಿಗ್ಗೆಯ ಕಾಫಿಯಿಂದ ರಾತ್ರಿಯ ಮಜ್ಜಿಗೆವರೆಗೆ ಪ್ರತಿಯೊಂದೂ ದಾಖಲಾಗಿತ್ತು. ಆ್ಯಪ್ ಕೊಟ್ಟಿದ್ದ ಮಿತಿ ದಿನಕ್ಕೆ 1200 ಕ್ಯಾಲೊರಿ, ಅವರ ಸರಾಸರಿ 1180. ಇಷ್ಟು ಶಿಸ್ತಿಗೆ ಸಿಕ್ಕ ಫಲ ಎಂದರೆ 74.2 ಕಿಲೋ ಇದ್ದ ತೂಕ 73.4ಕ್ಕೆ ಬಂದಿತ್ತು. 800 ಗ್ರಾಂ.

"ಮಗಳು ಅಂತಾಳೆ, ಅಮ್ಮ ಕದ್ದು ತಿಂತಾಳೆ ಅಂತ," ಎಂದು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

ದಾವಣಗೆರೆ ಸೀಮೆಯಲ್ಲಿ ಆಹಾರ ಸಲಹೆ ಕೊಡುವ ಕೆಲಸ ನನ್ನದು. ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತದಿರಲಿ ಎಂದು ವೃತ್ತಿಯ ವಿವರ, ಮನೆಯವರ ಬಗ್ಗೆ ಒಂದೆರಡು ಸಂಗತಿ ಬದಲಿಸಿದ್ದೇನೆ. ಅಂಕಿಗಳನ್ನು ಮುಟ್ಟಿಲ್ಲ. ಇದನ್ನು ಬರೆಯಲು ಕಾರಣ ಅವರ ತೂಕ ಇಳಿದದ್ದಲ್ಲ. ನಡುವೆ ಐದು ವಾರ ನಾನೇ ಅವರನ್ನು ತಪ್ಪು ದಾರಿಗೆ ಹಚ್ಚಿದ್ದೆ, ಅದು ನನ್ನಂಥ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗಬೇಕು.

ಹಿನ್ನೆಲೆ

ವಯಸ್ಸು 44, ಎತ್ತರ 154 ಸೆಂ.ಮೀ. ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ 31ರ ಮೇಲೆ. ನಮ್ಮ ಜನರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಪಾಶ್ಚಾತ್ಯರ 25-30ರ ಗೆರೆ ನಮಗೆ ಹೊಂದುವುದಿಲ್ಲ. ಸೊಂಟದ ಸುತ್ತಳತೆ 97 ಸೆಂ.ಮೀ., ಹೆಂಗಸರಿಗೆ 80ರೊಳಗಿರಬೇಕಾದದ್ದು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಥೈರಾಯ್ಡ್ ಸರಿಯಿತ್ತು. ಅವರ ತಾಯಿಗೆ ಸಕ್ಕರೆಯಿಂದ ಕಾಲಿನ ಬೆರಳು ತೆಗೆಸಿದ್ದರಂತೆ, ಆ ಹೆದರಿಕೆಯೇ ಇವರನ್ನು ಇಲ್ಲಿಗೆ ಕರೆತಂದದ್ದು.

ಮನೆಯಲ್ಲಿ ಐದು ಜನ: ಇವರು, ಗಂಡ, ಅತ್ತೆ, ಎಸ್ಸೆಸ್ಸೆಲ್ಸಿ ಓದುವ ಮಗಳು, ಅವಳಿಗಿಂತ ಚಿಕ್ಕ ಮಗ. ಅಡುಗೆ ಇವರದೂ ಅತ್ತೆಯದೂ ಅರ್ಧರ್ಧ. ಜೂನ್‌ನಲ್ಲಿ ಶಾಲೆ ಶುರುವಾದಾಗ ಫೋನಿಗೆ ಆ್ಯಪ್ ಹಾಕಿಕೊಟ್ಟವಳು ಮಗಳೇ. ವಯಸ್ಸು, ಎತ್ತರ, ತೂಕ ತುಂಬಿಸಿ, "ವಾರಕ್ಕೆ ಎಷ್ಟು ಇಳಿಸಬೇಕು?" ಎಂದು ಕೇಳಿದಾಗ ಇದ್ದುದರಲ್ಲಿ ದೊಡ್ಡದಾದ ಒಂದು ಕಿಲೋ ಒತ್ತಿದ್ದಳು. ಆ್ಯಪ್ 1200 ಎಂದಿತು.

ಈ ಅಂಕಿ ಎಲ್ಲಿಂದ ಬರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆ್ಯಪ್ ತಮ್ಮ ಮೈಯನ್ನೇ ಅಳೆದು ಹೇಳಿತು ಎಂದು ಹೆಚ್ಚಿನವರು ನಂಬಿರುತ್ತಾರೆ. ಬಹುಪಾಲು ಆ್ಯಪ್‌ಗಳ ಬೆನ್ನಿಗಿರುವುದು 1990ರ ಮಿಫ್ಲಿನ್-ಸೇಂಟ್ ಜ್ಯೋರ್ ಸೂತ್ರ ಅಥವಾ ಅದರ ಅಣ್ಣತಮ್ಮಂದಿರು. ಅಮೆರಿಕದಲ್ಲಿ 498 ಜನರನ್ನು ಅಳೆದು ಕಟ್ಟಿದ ಸೂತ್ರ ಅದು. ಟೀಚರ ಅಂಕಿಗಳನ್ನು ಅದಕ್ಕೆ ಹಾಕಿದರೆ ಸುಮ್ಮನೆ ಮಲಗಿದ್ದರೂ ದೇಹ ಸುಡುವುದು ದಿನಕ್ಕೆ 1320ರ ಆಸುಪಾಸು, ಓಡಾಟ ಸೇರಿಸಿದರೆ 1820. ವಾರಕ್ಕೊಂದು ಕಿಲೋ ಇಳಿಯಬೇಕಾದರೆ ಅದರಲ್ಲಿ 1100 ಕಳೆಯಬೇಕು. ಉಳಿಯುವುದು 720, ಅದು ಉಪವಾಸದ ಲೆಕ್ಕ. ಅದಕ್ಕೇ ಆ್ಯಪ್ 1200ಕ್ಕೆ ಬಂದು ನಿಂತಿದೆ. ಅದು ಸಲಹೆಯಲ್ಲ, ಅದಕ್ಕಿಂತ ಕೆಳಗೆ ಇಳಿಯಲಾರೆ ಎಂದು ಕಟ್ಟಿದ ಕಟ್ಟೆ. ಇದು ಟೀಚರಿಗೆ ಗೊತ್ತಿರಲಿಲ್ಲ. ಅವರು ಕಟ್ಟೆಯನ್ನೇ ದಾರಿ ಎಂದುಕೊಂಡಿದ್ದರು.

ಕಾಣೆಯಾದ 480

1200ರ ಮಿತಿಯನ್ನೇ ಹಿಡಿದರೂ ದಿನಕ್ಕೆ 620 ಕ್ಯಾಲೊರಿ ಕೊರತೆ, 46 ದಿನ. ಒಂದು ಕಿಲೋ ಕೊಬ್ಬಿಗೆ 7700 ಎಂಬ ಹಳೆಯ ಒರಟು ಲೆಕ್ಕ ಹಿಡಿದರೆ 3.7 ಕಿಲೋ ಇಳಿಯಬೇಕಿತ್ತು. ಆ ಲೆಕ್ಕ ಪೂರ್ತಿ ನಂಬುವಂಥದ್ದಲ್ಲ, ತೂಕ ಇಳಿದಂತೆ ದೇಹವೂ ಖರ್ಚು ತಗ್ಗಿಸುತ್ತದೆ. ಆದರೂ 3.7 ಎಲ್ಲಿ, 0.8 ಎಲ್ಲಿ? ದಿನಕ್ಕೆ ಸುಮಾರು 480 ಕ್ಯಾಲೊರಿ ಎಲ್ಲೋ ಸೋರುತ್ತಿತ್ತು.

ಸುಳ್ಳು ಬರೆದಿದ್ದಾರೆ ಎಂದು ನನಗೆ ಅನಿಸಲಿಲ್ಲ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ಇಂಥದೇ ಹತ್ತು ಜನರನ್ನು ಪರೀಕ್ಷಿಸಿದ್ದನ್ನು ಅವರಿಗೆ ಹೇಳಿದೆ. ಅವರೆಲ್ಲ "1200ಕ್ಕಿಂತ ಕಡಿಮೆ ತಿನ್ನುತ್ತೇವೆ, ಆದರೂ ಇಳಿಯುತ್ತಿಲ್ಲ" ಎನ್ನುತ್ತಿದ್ದವರು. ವಿಶೇಷ ಗುರುತಿನ ನೀರು ಕುಡಿಸಿ ದೇಹದ ನಿಜವಾದ ಖರ್ಚು ಅಳೆದರೆ ಅವರ ದೇಹಗಳಲ್ಲಿ ಯಾವ ದೋಷವೂ ಇರಲಿಲ್ಲ. ತಿಂದದ್ದನ್ನು ಸರಾಸರಿ 47% ಕಡಿಮೆ ಬರೆದಿದ್ದರು, ಓಡಾಟವನ್ನು 51% ಹೆಚ್ಚಾಗಿ ಹೇಳಿದ್ದರು. ಬೇಕೆಂದು ಮಾಡಿದ್ದಲ್ಲ. ಕಣ್ಣಳತೆ ಹಾಗೇ ಇರುತ್ತದೆ.

"ಅಂದ್ರೆ ನನಗೊಬ್ಬಳಿಗೇ ಅಲ್ಲ," ಎಂದರು. ಆ ಭೇಟಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಈಗ ಅನಿಸುತ್ತದೆ.

ಮೊದಲು ಮುದ್ದೆ ಹುಡುಕಿದೆವು. ಆ್ಯಪ್‌ನಲ್ಲಿ ರಾಗಿ ಮುದ್ದೆ ಎಂದು ಬರೆದರೆ ಏಳು ಬಗೆ ಬಂದವು, ಕನಿಷ್ಠ 110, ಗರಿಷ್ಠ 390. ಹೆಚ್ಚಿನವು ಬಳಕೆದಾರರೇ ಸೇರಿಸಿದವು. ಯಾರ ಮನೆಯ ಮುದ್ದೆ, ಯಾರ ಕೈಯಳತೆ, ದೇವರೇ ಬಲ್ಲ. ಟೀಚರ್ ನಿತ್ಯ ಒತ್ತುತ್ತಿದ್ದದ್ದು 170ರದ್ದನ್ನು, ಪಟ್ಟಿಯಲ್ಲಿ ಅದೇ ಮೊದಲಿತ್ತು ಎಂಬ ಕಾರಣಕ್ಕೆ. ಮರುದಿನ ಮನೆಯಲ್ಲಿ ಹಿಟ್ಟು ತೂಗಿಸಿದೆ. ಅವರ ಪಾಲಿನ ಮುದ್ದೆಗೆ ಬೀಳುತ್ತಿದ್ದ ಹಿಟ್ಟು 105 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ, 528 ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಗೆ 320 ಕ್ಯಾಲೊರಿ. ಹಾಗಾದರೆ ಮುದ್ದೆ 335. ಒಂದೇ ಏಟಿಗೆ 165 ಸಿಕ್ಕಿತು. ಆ ಕೋಷ್ಟಕ ಹಸಿ ಪದಾರ್ಥಗಳದ್ದು, ಬೆಂದ ಮುದ್ದೆಯ ಲೆಕ್ಕ ಅದರಲ್ಲಿಲ್ಲ. ಬೆಂದದ್ದರಲ್ಲಿ ಎಷ್ಟು ನೀರು ಎನ್ನುವುದು ಮನೆಯಿಂದ ಮನೆಗೆ ಬೇರೆ. ಅದಕ್ಕೇ ಉಂಡೆಯನ್ನು ತೂಗುವುದಕ್ಕಿಂತ ಹಿಟ್ಟನ್ನು ತೂಗುವುದು ವಾಸಿ.

ಆಮೇಲೆ ಚಹಾ. ಸ್ಟಾಫ್ ರೂಮಿನಲ್ಲಿ ಎರಡು ಸಲ ಬರುವ ಅರ್ಧ ಲೋಟ ಚಹಾವನ್ನು ಅವರು ಬರೆದಿರಲಿಲ್ಲ, "ಅದೇನ್ರೀ, ಎರಡು ಗುಟುಕು." ಮಗನ ಡಬ್ಬಿಯಲ್ಲಿ ಉಳಿದು ಬಂದ ಚಪಾತಿ ಚೂರು, ಒಲೆ ಮುಂದೆ ಉಪ್ಪು ನೋಡಲು ಹಾಕಿಕೊಂಡ ಒಂದು ಸೌಟು ಪಲ್ಯ. ಒಟ್ಟು 100 ಇರಬಹುದು.

ಉಳಿದದ್ದು ಎಣ್ಣೆ. "ಪಲ್ಯ, 1 ಬಟ್ಟಲು, 85" ಎಂದು ಆ್ಯಪ್ ಹೇಳುವಾಗ ಒಗ್ಗರಣೆಗೆ ಬಿದ್ದದ್ದು ಒಂದು ಚಮಚವೋ ನಾಲ್ಕೋ ಎಂದು ಅದಕ್ಕೆ ಗೊತ್ತಿಲ್ಲ. ಬಡಿಸಿಕೊಂಡವರಿಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ಕ್ಯಾನಿಗೆ. "ಐದು ಲೀಟರ್ ಎಷ್ಟು ದಿನ ಬರುತ್ತೆ?" ಎಂದು ಕೇಳಿದೆ. ಅವರು ಕಿರಾಣಿ ಚೀಟಿ ನೋಡಿ ಹೇಳಿದರು, 24 ದಿನ. ಐದು ಲೀಟರ್ ಎಂದರೆ 4.6 ಕಿಲೋ, ಐದು ಜನ, 24 ದಿನ, ತಲೆಗೆ ದಿನಕ್ಕೆ 38 ಗ್ರಾಂ, 340 ಕ್ಯಾಲೊರಿ. ಅವರ ದಾಖಲೆಗಳ ಒಳಗಿದ್ದ ಎಣ್ಣೆ ಕೂಡಿಸಿದರೆ 14 ಗ್ರಾಂ ಮೀರುತ್ತಿರಲಿಲ್ಲ. ವ್ಯತ್ಯಾಸ 216.

165, 100, 216. ಕೂಡಿದರೆ 481. ಇಷ್ಟು ಚೊಕ್ಕವಾಗಿ ಕೂಡಿಬಂದದ್ದು ನೋಡಿ ನನಗೇ ಅನುಮಾನ ಬಂತು. ಕರಿದು ಉಳಿದ ಎಣ್ಣೆ ಚೆಲ್ಲುವುದುಂಟು, ಐವರೂ ಸಮನಾಗಿ ತಿನ್ನುವುದಿಲ್ಲ, ಇದರಲ್ಲಿ ಅರ್ಧ ಕಾಕತಾಳೀಯ. ಆದರೆ ಸೋರುವ ಜಾಗ ಯಾವುದೆಂದು ಕಂಡಿತ್ತು.

ಎಣ್ಣೆ ಕ್ಯಾನು ಆ ದಿನವೇ ಕೈಗೆ ಸಿಕ್ಕಿತ್ತು. ಅದನ್ನು ಹಿಡಿದುಕೊಂಡೇ ಮುಂದೆ ಹೋಗಿದ್ದರೆ ಮುಂದಿನ ಐದು ವಾರ ಉಳಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ.

ತಕ್ಕಡಿ ಬಂದ ಮೇಲೆ

ದಾಖಲೆ ತಪ್ಪಾಗಿದ್ದರೆ ದಾಖಲೆ ಸರಿ ಮಾಡಬೇಕು ಎಂದು ಯೋಚಿಸಿದೆ. ಓದಿದವರ ಯೋಚನೆ ಹೀಗೇ ಹೋಗುವುದು. ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ಕೊಳ್ಳಲು ಹೇಳಿದೆ. ಮಿತಿಯನ್ನು 1200ರಿಂದ 1400ಕ್ಕೆ ಏರಿಸಿದೆ. 55 ಕಿಲೋಗೆ ಇಳಿಯಬೇಕು ಎಂದಿದ್ದ ಅವರ ಗುರಿಯನ್ನು 69ಕ್ಕೆ ತಂದೆ. ಅಮೆರಿಕದಲ್ಲಿ ಸಕ್ಕರೆಯ ಹೊಸ್ತಿಲಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಟ್ಟಿದ್ದ ಗುರಿ ದೇಹತೂಕದ 7% ಮಾತ್ರ. ಅದರ ಜೊತೆಗೆ ವಾರಕ್ಕೆ 150 ನಿಮಿಷದ ಓಡಾಟ. ಅಷ್ಟಕ್ಕೇ ಕಾಯಿಲೆಗೆ ತಿರುಗುವವರ ಪ್ರಮಾಣ 58% ತಗ್ಗಿತ್ತು. ಟೀಚರ ಲೆಕ್ಕಕ್ಕೆ 7% ಎಂದರೆ ಐದು ಕಿಲೋ. ಈ ಎರಡು ತೀರ್ಮಾನಗಳ ಬಗ್ಗೆ ಇವತ್ತಿಗೂ ನನಗೆ ತಕರಾರಿಲ್ಲ. ತಕ್ಕಡಿಯದ್ದೇ ತೊಂದರೆ.

ಐದು ವಾರದಲ್ಲಿ ತೂಕ 73.4ರಿಂದ 72.1ಕ್ಕೆ ಇಳಿಯಿತು. ಕಾಗದದ ಮೇಲೆ ಗೆಲುವು. ಮನೆಯಲ್ಲಿ ನಡೆದದ್ದು ಬೇರೆ.

ಅತ್ತೆಗೆ ತಕ್ಕಡಿ ಕಂಡರಾಗುತ್ತಿರಲಿಲ್ಲ. ತಟ್ಟೆಗೆ ಅನ್ನ ಬಡಿಸಿ, ತಟ್ಟೆ ಎತ್ತಿ ತಕ್ಕಡಿ ಮೇಲಿಟ್ಟು, ಒಂದು ಸೌಟು ವಾಪಸ್ ಹಾಕುವ ಸೊಸೆಯನ್ನು ನೋಡಿ, "ತುತ್ತು ಎಣಿಸಿ ಉಣ್ಣೋ ಮನೆ ಅಲ್ಲಮ್ಮ ಇದು," ಎಂದಿದ್ದರಂತೆ. ತಮ್ಮ ಕೈಯಡುಗೆಗೆ ಸೊಸೆ ಹೆಸರಿಡುತ್ತಿದ್ದಾಳೆ ಎಂದೇ ಅವರು ತಿಳಿದದ್ದು. ಒಂದು ಬಾಣಲೆ ಪಲ್ಯದ ಸಾಮಾನುಗಳನ್ನೆಲ್ಲ ಒಂದೊಂದಾಗಿ ತೂಗಿ, ರೆಸಿಪಿಯಾಗಿ ಆ್ಯಪ್‌ಗೆ ತುಂಬಿಸಿ, ಆರು ಪಾಲು ಮಾಡಿ ಬರೆಯಲು ಹದಿನೈದು ನಿಮಿಷ. ಬೆಳಿಗ್ಗೆ ಏಳೂವರೆಗೆ ಮೂರು ಡಬ್ಬಿ ಕಟ್ಟಬೇಕಾದವರಿಗೆ!

ಸುಲಭದ ದಾರಿ ಅವರೇ ಹುಡುಕಿಕೊಂಡರು. ಮೂರನೇ ವಾರದ ದಾಖಲೆ ನೋಡುವಾಗ ಸಂಜೆಯ ಜಾಗದಲ್ಲಿ ಹನ್ನೊಂದು ದಿನ ಸತತ ಒಂದೇ ಬಿಸ್ಕತ್ತಿನ ಹೆಸರು ಕಂಡಿತು. ಅದಕ್ಕೆ ಮುಂಚೆ ಆ ಹೊತ್ತಿಗೆ ಬೇಯಿಸಿದ ಶೇಂಗಾ, ಹೆಸರುಬೇಳೆ ಕೋಸಂಬರಿ, ವಾರಕ್ಕೆರಡು ಸಲ ಮಂಡಕ್ಕಿ ಇರುತ್ತಿದ್ದವು.

"ಶೇಂಗಾ ಯಾಕೆ ಬಿಟ್ರಿ?"

"ಸಿಪ್ಪೆ ಸಮೇತ ತೂಗ್ಬೇಕೋ ಸುಲಿದು ತೂಗ್ಬೇಕೋ ತಿಳೀಲಿಲ್ಲ. ಬಿಸ್ಕತ್ತಿಗಾದ್ರೆ ಪೊಟ್ಟಣದ ಗೆರೆ ಮುಂದೆ ಫೋನ್ ಹಿಡಿದ್ರಾಯ್ತು, ಪಟ್ ಅಂತ ಬರುತ್ತೆ."

ಈ ಮಾತು ಕೇಳಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಸಕ್ಕರೆಯ ಹೊಸ್ತಿಲಲ್ಲಿರುವ ಹೆಂಗಸು ಶೇಂಗಾ, ಬೇಳೆ ಬಿಟ್ಟು ಮೈದಾ-ಸಕ್ಕರೆಗೆ ಹೋಗಿದ್ದಾರೆ. ಕಾರಣ ರುಚಿಯಲ್ಲ, ಆಸೆಯಲ್ಲ, ಲೆಕ್ಕ ಬರೆಯುವ ಅನುಕೂಲ. ಆ್ಯಪ್ ಅಳೆಯಬಲ್ಲದ್ದು ಒಳ್ಳೆಯ ಆಹಾರ, ಅಳೆಯಲಾರದ್ದು ಅಪಾಯದ ಆಹಾರ ಎಂಬ ಹೊಸ ಮಡಿ-ಮೈಲಿಗೆ ಶುರುವಾಗಿತ್ತು. ಮದುವೆಮನೆಗೆ ಹೋದರೆ ಎಲೆಯಲ್ಲಿದ್ದುದನ್ನು ಹೇಗೆ ಬರೆಯುವುದೆಂದು ತಿಳಿಯದೆ ಮಜ್ಜಿಗೆ ಕುಡಿದು ಎದ್ದು ಬಂದಿದ್ದರು. ರಾತ್ರಿ ಅಂಕಿ ಮಿತಿ ದಾಟುವಂತಿದ್ದರೆ ಊಟ ಬಿಟ್ಟು, ಹತ್ತು ಗಂಟೆಗೆ ಹಸಿವು ತಾಳದೆ ಎದ್ದು ಎರಡು ಬಾಳೆಹಣ್ಣು ತಿನ್ನುತ್ತಿದ್ದರು. ಮೇಲಾಗಿ ನಡೆದದ್ದಕ್ಕೆ ಆ್ಯಪ್ ಕ್ಯಾಲೊರಿ "ಮರಳಿಸುತ್ತಿತ್ತು". ಶಾಲೆಯಲ್ಲಿ ಆರು ಸಾವಿರ ಹೆಜ್ಜೆ ಓಡಾಡಿದ ದಿನ 240 ಜಮೆ, ಆ ಜಮೆಗೆ ಬಿಸ್ಕತ್ತು ಎರಡು ಹೆಚ್ಚು. ಓಡಾಟವನ್ನು ಸೂತ್ರ ಮೊದಲೇ ಒಳಗೆ ಸೇರಿಸಿಕೊಂಡಿದೆ. ಇದು ಒಂದೇ ರೂಪಾಯಿಯನ್ನು ಎರಡು ಸಲ ಎಣಿಸಿದಂತೆ. ಆ ಸೌಲಭ್ಯವನ್ನು ಅಂದೇ ಆರಿಸಿದೆ. ಮಿಕ್ಕದ್ದನ್ನು ಸರಿಪಡಿಸುವ ಮೊದಲೇ ಗೌರಿ ಹಬ್ಬ ಬಂತು.

ಹಬ್ಬದ ಮರುದಿನ

84 ದಿನಗಳ ಹಸಿರು ಸಾಲು ಗೌರಿಯ ದಿನ ಮುರಿಯಿತು. ಹೋಳಿಗೆ, ಕಡುಬು, ಕೋಸಂಬರಿ, ಪುಳಿಯೋಗರೆ. ಗಣೇಶನ ದಿನ ಮತ್ತೆ. ತಂಗಿಯ ಮನೆಯವರು ಬಂದಿದ್ದರು, ಫೋನು ಮುಟ್ಟಲೂ ಆಗಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ತೂಕ ನೋಡಿದರೆ 74.0.

ನನಗೆ ಬಂದ ಸಂದೇಶ ಹೀಗಿತ್ತು: "ಮೂರು ತಿಂಗಳು ತೂಗಿ ತೂಗಿ ತಿಂದಿದ್ದಕ್ಕೆ 200 ಗ್ರಾಂ. ಆ್ಯಪ್ ತೆಗೆದುಹಾಕಿದೀನಿ. ಕ್ಷಮಿಸಿ."

ಎರಡು ದಿನದಲ್ಲಿ 1.9 ಕಿಲೋ ಕೊಬ್ಬು ಬರಬೇಕಾದರೆ ಬೇಕಾದ್ದಕ್ಕಿಂತ 14,000 ಕ್ಯಾಲೊರಿ ಹೆಚ್ಚು ತಿನ್ನಬೇಕು. ಹೋಳಿಗೆ ತಟ್ಟುವವರೇ ಸಾಕಾಗಿ ಕೂರುವಷ್ಟು ಆಯಿತು ಅದು. ಏರಿದ್ದರಲ್ಲಿ ಹೆಚ್ಚಿನದು ನೀರು. ಕಡಿಮೆ ಪಿಷ್ಟ ತಿಂದು ಬರಿದಾಗಿದ್ದ ದೇಹದ ಗ್ಲೈಕೊಜೆನ್ (ದೇಹ ಕೂಡಿಟ್ಟುಕೊಳ್ಳುವ ಪಿಷ್ಟ) ಉಗ್ರಾಣ ಹಬ್ಬದೂಟಕ್ಕೆ ತುಂಬಿಕೊಳ್ಳುತ್ತದೆ, ಒಂದು ಗ್ರಾಂ ತುಂಬಿದರೆ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಹಿಡಿದಿಡುತ್ತದೆ. ಉಪ್ಪೂ ನೀರನ್ನು ಹಿಡಿಯುತ್ತದೆ. ಇದನ್ನು ಹಬ್ಬಕ್ಕೆ ಮುಂಚೆಯೇ ಹೇಳಿಟ್ಟಿರಬೇಕಿತ್ತು. ಹೇಳಿರಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದಾಗ 72.6 ಇತ್ತು, ಅಷ್ಟರಲ್ಲಿ ಅವರ ಮನಸ್ಸು ಮುರಿದಾಗಿತ್ತು.

ಇಲ್ಲಿ ಎರಡು ದಾರಿ ಇದ್ದವು. ಆ್ಯಪ್ ಮತ್ತೆ ಹಾಕಿಸಿ "ಒಂದು ಹಬ್ಬಕ್ಕೆ ಏನಾಗುತ್ತೆ, ಮುಂದುವರಿಸಿ" ಎನ್ನುವುದು ಒಂದು. ಅದಕ್ಕೆ ಪುರಾವೆಯ ಬಲವೂ ಇದೆ: 2008ರಲ್ಲಿ ಅಮೆರಿಕದಲ್ಲಿ ಸುಮಾರು 1,700 ಜನರನ್ನು ಆರು ತಿಂಗಳು ಗಮನಿಸಿದಾಗ, ದಿನಾ ಆಹಾರದ ದಿನಚರಿ ಬರೆದವರು ಬರೆಯದವರಿಗಿಂತ ಎರಡರಷ್ಟು ತೂಕ ಇಳಿಸಿಕೊಂಡಿದ್ದರು. ಸಂದೇಶ ಅರ್ಧ ಟೈಪ್ ಮಾಡಿಯೂ ಇದ್ದೆ. ಅಳಿಸಿದೆ. ಬರೆಯುವವರು ಇಳಿಸುತ್ತಾರೆ ಎಂಬುದು ನಿಜ ಇರಬಹುದು, ಆದರೆ ನನ್ನೆದುರಿಗಿದ್ದವರು ಬರೆಯುವುದಕ್ಕಾಗಿಯೇ ತಿನ್ನಲು ಶುರು ಮಾಡಿದ್ದರು. "ಕ್ಷಮಿಸಿ" ಎಂಬ ಪದವೂ ಚುಚ್ಚಿತು. ನನಗೆ ಯಾಕೆ ಕ್ಷಮೆ?

ಹಾಗಾಗಿ ಹೊಸದಾಗಿ ಏನೂ ಬರೆಯುವುದು ಬೇಡ, ಬರೆದದ್ದನ್ನು ಓದೋಣ, ಬನ್ನಿ ಎಂದೆ. ಖಾತೆ ಹಾಗೇ ಇತ್ತು, ಮಗಳು ಮತ್ತೆ ತೆರೆದುಕೊಟ್ಟಳು. ಅತ್ತೆಯನ್ನೂ ಕರೆತನ್ನಿ ಎಂದು ಕೇಳಿಕೊಂಡೆ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಕೈಯಲ್ಲೊಂದು ಚೀಲ, ಚೀಲದಲ್ಲಿ ನನಗೆಂದು ಎರಡು ಹೋಳಿಗೆ.

ಮೂರು ಹೆಂಗಸರು, 84 ದಿನದ ದಾಖಲೆ

ಒಂದೂವರೆ ಗಂಟೆ ಕೂತೆವು. ಅಷ್ಟು ದಿನದ ದಾಖಲೆಯನ್ನು ಒಟ್ಟಿಗೆ ಹರಡಿದಾಗ ದಿನದ ಅಂಕಿಗಳಲ್ಲಿ ಕಾಣದ್ದು ಕಂಡಿತು. ಬೆಳಗಿನ ತಿಂಡಿ ಹೆಚ್ಚುಕಡಿಮೆ ಒಂದೇ ಸಮ. ಮಧ್ಯಾಹ್ನದ ಡಬ್ಬಿ ತೀರಾ ಸಣ್ಣದು, ಎರಡು ಫುಲ್ಕಾ, ಒಂದಿಷ್ಟು ಪಲ್ಯ, ಮಿತಿ ಉಳಿಸಲು. ಸಂಜೆ ಐದೂಕಾಲಿಂದ ಏಳರವರೆಗೆ ದಿನದ ಮೂರನೇ ಒಂದು ಭಾಗ. ಶಾಲೆಯಿಂದ ಹಸಿದು ಬಂದು, ಮಕ್ಕಳಿಗೆ ತಿಂಡಿ ಮಾಡುತ್ತ ನಿಂತಲ್ಲೇ ತಿಂದದ್ದು. ಮಿತಿ ದಾಟಿದ ದಿನಗಳೆಲ್ಲ ಹುಟ್ಟಿದ್ದು ಅಲ್ಲೇ.

ಅತ್ತೆ ಫೋನಿನ ಕಡೆ ನೋಡದೆಯೇ ಹೇಳಿದರು, "ಮಧ್ಯಾಹ್ನ ಹೊಟ್ಟೆಗೆ ಸರಿಯಾಗಿ ಹಾಕ್ಕೊಳ್ಳಲ್ಲ, ಸಂಜೆ ಬಂದು ಒಲೆ ಮುಂದೆ ಬಾಯಾಡಿಸ್ತಾಳೆ. ಇದಕ್ಕೆ ಫೋನ್ ಬೇಕಾ?"

ಬೇಕಿತ್ತು ಎಂದೇ ನನ್ನ ಅನಿಸಿಕೆ. ಅತ್ತೆ ಇದೇ ಮಾತನ್ನು ಮನೆಯಲ್ಲಿ ಹೇಳಿದ್ದರೆ ಜಗಳವಾಗುತ್ತಿತ್ತು. ದಾಖಲೆ ಹೇಳಿದ್ದರಿಂದ ಯಾರ ಮೇಲೂ ಬರಲಿಲ್ಲ.

ಅಲ್ಲಿ ತೀರ್ಮಾನಿಸಿದ್ದಿಷ್ಟು. ಮಧ್ಯಾಹ್ನದ ಡಬ್ಬಿ ದೊಡ್ಡದಾಗಬೇಕು, ಕಾಳು ಇರಬೇಕು. ಮೂರೂಮುಕ್ಕಾಲಿನ ಬಿಡುವಿಗೆ ಇನ್ನೊಂದು ಪುಟ್ಟ ಡಬ್ಬಿ: ಹೆಸರುಕಾಳಿನ ಉಸುಲಿ ಅಥವಾ ಬೇಯಿಸಿದ ಶೇಂಗಾ, ತೂಗದೆ. "ತೂಕ ಇಳಿಸೋಕೆ ಬಂದೋಳಿಗೆ ಇನ್ನೊಂದು ಡಬ್ಬಿ ಕಟ್ಟು ಅಂತೀರಲ್ರೀ," ಎಂದು ಟೀಚರ್ ನಕ್ಕರು. ಮುದ್ದೆಗೆ ಹಿಟ್ಟಿನ ಡಬ್ಬಿಯಲ್ಲೇ ಒಂದು ಸ್ಟೀಲಿನ ಬಟ್ಟಲು ಇಡುವುದು, ತಲೆಗೊಂದು ಬಟ್ಟಲು, 70 ಗ್ರಾಂ. ತೂಗುವುದು ಆ ಬಟ್ಟಲನ್ನು ಆರಿಸುವ ದಿನ ಒಮ್ಮೆ ಮಾತ್ರ. ಮುದ್ದೆ ಸಣ್ಣದಾದಷ್ಟೂ ಸೊಪ್ಪಿನ ಸಾರು ಹೆಚ್ಚು.

ಎಣ್ಣೆಯ ಉಸ್ತುವಾರಿ ಅತ್ತೆಗೆ. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ, ಅಲ್ಲೇ ಹೊಳೆದದ್ದು. ಹೊಸ ಕ್ಯಾನು ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ಮುಗಿದ ದಿನ ಇನ್ನೊಂದು. ಯಾರೂ ಯಾರ ತುತ್ತನ್ನೂ ಎಣಿಸಬೇಕಿಲ್ಲ. 24 ದಿನಕ್ಕೆ ಮುಗಿಯುವುದು 34 ದಿನಕ್ಕೆ ಮುಗಿದರೆ ತಲೆಗೆ 27 ಗ್ರಾಂ ಬೀಳುತ್ತದೆ. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ 2000 ಕ್ಯಾಲೊರಿಯ ದಿನದ ಊಟಕ್ಕೆ ಹೇಳುವುದೂ ಅಷ್ಟನ್ನೇ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, "ಹಬ್ಬಕ್ಕೆ ಬೇರೆ ಕ್ಯಾನ್ ತರಬಹುದಾ?" ತರಬಹುದು, ಅದನ್ನೂ ಬರೆಯಿರಿ ಎಂದೆ.

ಆ್ಯಪ್ ಉಳಿಯಿತು, ವಾರಕ್ಕೆ ಎರಡು ದಿನಕ್ಕೆ: ಬುಧವಾರ ಮತ್ತು ಭಾನುವಾರ. ಮಿತಿ ಮುಟ್ಟಲು ಅಲ್ಲ, ಸಂಜೆಯ ಪಾಲು ಕುಗ್ಗಿದೆಯೇ ಎಂದು ನೋಡಲು. ನೆನಪಿಸುವ ಸೂಚನೆಗಳೆಲ್ಲ ಬಂದ್. ತೂಕ ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ. ನಾಲ್ಕು ವಾರದ ಸರಾಸರಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು.

ಆಮೇಲೆ

ಮೊದಲ ಕ್ಯಾನು 29 ದಿನ ಬಂತು. ಎರಡನೆಯದು 33. ಜನವರಿ ಹೊತ್ತಿಗೆ 38 ದಿನ, ಅಂದರೆ ತಲೆಗೆ 24 ಗ್ರಾಂ. ಅತ್ತೆ ಒಗ್ಗರಣೆ ಕಡಿಮೆ ಮಾಡಲಿಲ್ಲ ಎಂದು ಆಮೇಲೆ ತಿಳಿಯಿತು. ಕ್ಯಾನಿನಿಂದ ನೇರ ಬಾಣಲೆಗೆ ಬಗ್ಗಿಸುವುದನ್ನು ಬಿಟ್ಟು ಒಂದು ಹಳೆಯ ತುಪ್ಪದ ಗಿಂಡಿಗೆ ಹಾಕಿಕೊಂಡು ಚಮಚದಲ್ಲಿ ತೆಗೆಯತೊಡಗಿದ್ದರು. ಅಷ್ಟೇ ವ್ಯತ್ಯಾಸ.

ಡಿಸೆಂಬರಿನಲ್ಲಿ 70.8. ಫೆಬ್ರವರಿ, ಮಾರ್ಚ್‌ನಲ್ಲಿ ಐದು ವಾರ 69.6ರಲ್ಲೇ ನಿಂತುಬಿಟ್ಟಿತು. ಮಗಳ ಪರೀಕ್ಷೆ, ಶಾಲೆಯ ಪರೀಕ್ಷೆ, ನಿದ್ದೆ ಇಲ್ಲ. ಇನ್ನೂ ಸ್ವಲ್ಪ ಕಡಿತ ಮಾಡೋಣವೇ ಎಂದು ಅವರು ಕೇಳಿದರು. ಏನೂ ಮಾಡಬೇಡಿ ಎಂದೆ. ಸುಮ್ಮನಿರು ಎಂದು ಹೇಳಿ ಶುಲ್ಕ ತೆಗೆದುಕೊಳ್ಳುವುದು ನಮ್ಮ ವೃತ್ತಿಯಲ್ಲಿ ಬಹಳ ಮುಜುಗರದ ಕೆಲಸ. ಏಪ್ರಿಲ್ ರಜೆಯಲ್ಲಿ ತಾನಾಗಿಯೇ ಮತ್ತೆ ಇಳಿಯತೊಡಗಿತು.

ಒಂದು ವರ್ಷದ ಕೊನೆಗೆ 67.9. ಸೊಂಟ 89. ಎಚ್‌ಬಿಎ1ಸಿ 5.7, ಹೊಸ್ತಿಲಿನ ಅಂಚು, ದಾಟಿ ಹಿಂದೆ ಬಂದಿಲ್ಲ. ಬಿಎಂಐ ಇನ್ನೂ 28ರ ಮೇಲಿದೆ. ಆ್ಯಪ್‌ನ ಕಣ್ಣಲ್ಲಿ ಇದು ಸೋಲು, ಗುರಿಯ ಜಾಗದಲ್ಲಿ ಇನ್ನೂ 55 ಎಂದೇ ಇದೆ, ಯಾರೂ ಬದಲಿಸಿಲ್ಲ. ಏನನ್ನೂ ಬರೆಯದ, ಏನನ್ನೂ ತೂಗದ ಗಂಡನ ತೂಕ ಎರಡು ಕಿಲೋ ಇಳಿದಿತ್ತು. ಕ್ಯಾನು ಮನೆಯವರಿಗೆಲ್ಲ ಒಂದೇ ತಾನೆ.

ಈ ಪ್ರಕರಣದ ನಂತರ ನನ್ನ ರೂಢಿಯಲ್ಲಿ ಕೆಲವು ಬದಲಾದವು. ಆ್ಯಪ್ ಹಿಡಿದು ಬಂದವರಿಗೆ ನಾನೀಗ ಮೊದಲು ಕೇಳುವುದು ಎಣ್ಣೆ, ಸಕ್ಕರೆ, ಹಿಟ್ಟು ಎಷ್ಟು ದಿನಕ್ಕೆ ಮುಗಿಯುತ್ತವೆ ಎಂದು. ಒಂದೇ ಪಾತ್ರೆಯಿಂದ ಐದು ಜನ ಉಣ್ಣುವ ಮನೆಯಲ್ಲಿ ಒಬ್ಬರ ತಟ್ಟೆಯನ್ನು ಅಳೆಯಲು ಹೊರಡುವುದು ಕೆರೆಯ ನೀರನ್ನು ಬೊಗಸೆಯಲ್ಲಿ ಎಣಿಸಿದ ಹಾಗೆ. ಮೂರು ವಾರ ಬರೆಯಲು ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಬೇಡ. ಆ ಮೂರು ವಾರದಲ್ಲಿ ಪೊಟ್ಟಣದ ತಿಂಡಿ ಹೆಚ್ಚಾಯಿತೇ ಎಂದು ನೋಡುತ್ತೇನೆ. ಹೆಚ್ಚಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಒಬ್ಬಂಟಿಯಾಗಿ ಪಿಜಿಯಲ್ಲಿರುವ ಹುಡುಗರಿಗೆ, ಹೋಟೆಲ್ ಊಟವೇ ಗತಿಯಾದವರಿಗೆ ಆ್ಯಪ್ ಇದಕ್ಕಿಂತ ಚೆನ್ನಾಗಿ ಒದಗಿಬಂದದ್ದನ್ನು ನೋಡಿದ್ದೇನೆ, ಹಾಗಾಗಿ ಇದನ್ನು ಎಲ್ಲರ ಮೇಲೂ ಹೇರುವುದಿಲ್ಲ.

ಇನ್ನೊಂದು ಸಂಗತಿ ಬಾಕಿ ಇದೆ, ಅದು ಮಗಳದ್ದು. ಪಿಯುಸಿಗೆ ಸೇರಿದ ಮೇಲೆ ಅವಳು ತನ್ನ ಫೋನಿಗೂ ಅದೇ ಆ್ಯಪ್ ಹಾಕಿಕೊಂಡಿದ್ದಳು. 18 ತುಂಬದವರಿಗೆ ಅದು ಖಾತೆ ಕೊಡುವುದಿಲ್ಲ, ಹುಟ್ಟಿದ ವರ್ಷ ಬದಲಿಸಿ ಹಾಕಿದ್ದಳು. ಅವಳ ತೂಕ ಎತ್ತರಕ್ಕೆ ತಕ್ಕಷ್ಟೇ ಇತ್ತು. ಡಬ್ಬಿಯ ಚಪಾತಿ ಗೆಳತಿಯರಿಗೆ ಹಂಚುತ್ತಿದ್ದಾಳೆಂದು ಅಮ್ಮನಿಗೆ ಗೊತ್ತಾದದ್ದು ಎರಡು ತಿಂಗಳ ನಂತರ. ಕರೆದುಕೊಂಡು ಬಂದರು. ಮುಟ್ಟು ಸರಿಯಾಗಿ ಆಗುತ್ತಿದೆಯೇ, ತಲೆಸುತ್ತು ಇದೆಯೇ, ಊಟದ ಹೊತ್ತಿಗೆ ಭಯವಾಗುತ್ತದೆಯೇ ಎಂದು ಅಮ್ಮನನ್ನು ಹೊರಗೆ ಕೂರಿಸಿ ಕೇಳಿದೆ. ಅಪಾಯದ ಮಟ್ಟಕ್ಕೆ ಹೋಗಿರಲಿಲ್ಲ. ಬೆಳೆಯುವ ವಯಸ್ಸಿನ ದೇಹಕ್ಕೆ 1200ರ ಕಟ್ಟೆ ಕಟ್ಟುವುದು ಎಂದರೇನೆಂದು ಹೇಳಿ, ತೆಗೆದುಹಾಕು ಎಂದೆ.

"ಅಮ್ಮ ಇಟ್ಕೋಬಹುದು, ನಾನು ಇಟ್ಕೋಬಾರದಾ?" ಎಂದಳು. ನ್ಯಾಯವಾದ ಪ್ರಶ್ನೆ. ಅಮ್ಮನೂ ಊಟದ ಮನೆಯಲ್ಲಿ ಫೋನು ಹಿಡಿಯುವುದಿಲ್ಲ ಎಂದು ಅಲ್ಲಿಯೇ ಒಪ್ಪಂದವಾಯಿತು. ಬುಧವಾರದ ದಾಖಲೆಯನ್ನು ಟೀಚರ್ ಈಗ ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ನೆನಪಿನಿಂದ ಬರೆಯುತ್ತಾರೆ. ಭಾನುವಾರದ್ದನ್ನು ಬಿಟ್ಟಿದ್ದಾರೆ. ಮಗಳು ನನ್ನೆದುರಿಗೆ ಆ್ಯಪ್ ಅಳಿಸಿದಳು. ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ, ತೂಕ ನೋಡುವುದಿಲ್ಲ, ಮಾತಾಡುತ್ತೇವೆ.

ದೀಪಾವಳಿ ಕಳೆದು ಟೀಚರ್ ಬಂದಾಗ ತೂಕ 68.7 ಇತ್ತು. ಕ್ಯಾಲೆಂಡರಿನ ಚಿತ್ರ ತೋರಿಸಿದರು. ಪೆನ್ಸಿಲಿನಲ್ಲಿ ಅತ್ತೆಯ ಗುರುತು, ಎರಡು ಗೆರೆಗಳ ನಡುವೆ 31 ದಿನ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಚಕ್ಕುಲಿ ಸೇರಿ."